ಬಂಡೆಗೂ ಕೊರಳುಂಟು

ಕನ್ನಡದ ಸಭೆಗಳಲ್ಲಿ ಪ್ರಾಚೀನ ಕಲೆಯ ಮಾತು ಬಂದಾಗಲೆಲ್ಲ ಬಾದಾಮಿ, ಅಜಂತಾ, ಎಲ್ಲೋರಗಳ ಹೆಸರು ವಾಡಿಕೆಯಂತೆ ಕೇಳಿಬರುತ್ತದೆ. ಪರದೆಯ ಮೇಲೆ ನಾಲ್ಕಾರು ಛಾಯಾಚಿತ್ರಗಳು ಮೂಡಿ ಮರೆಯಾಗುತ್ತವೆ. ಸಭಿಕರು ಮೆಚ್ಚಿ ತಲೆದೂಗುತ್ತಾರೆ. ಗುಹೆಯ ಕಲೆಯೆಂದರೆ ಗೋಡೆಯ ಮೇಲಿನ ಚಿತ್ರ, ಚಿತ್ರವೆಂದರೆ ಕಣ್ಣಿನ ಸೊತ್ತು ಎಂಬ ತಿಳುವಳಿಕೆ ಅಲ್ಲಿಗೆ ಇನ್ನೊಮ್ಮೆ ಗಟ್ಟಿಯಾಗುತ್ತದೆ. ಈ ತಿಳುವಳಿಕೆ ಅರ್ಧ ಸತ್ಯ. ಆದರೆ ಅದರಿಂದ ಆಗುತ್ತಿರುವ ಕೇಡು ಪೂರ್ತಿಯಾದದ್ದು. ಗುಹೆಯ ಕಲೆ, ಬಂಡೆಯ ಕಲೆ ಕಣ್ಣಿಗೆ ಎಷ್ಟು ಸೇರಿದ್ದೋ ಕಿವಿಗೂ ಅಷ್ಟೇ ಸೇರಿದ್ದು. ಅದನ್ನು ಮಾಡಿದ ಮತ್ತು ಅನುಭವಿಸಿದ ಮಾನವ ದೇಹಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸೇರಿದ್ದು. ಇದನ್ನು ಒಪ್ಪದಿರುವವರೆಗೆ ಉಳಿದ ಬಂಡೆಗಳನ್ನು ಉಳಿಸಿಕೊಳ್ಳುವ ದಾರಿ ಯಾರಿಗೂ ಕಾಣದು ಎಂಬುದು ನಮ್ಮ ವಾದ.

ಸಾಕ್ಷಿಗಾಗಿ ದೂರ ಹೋಗಬೇಕಾಗಿಲ್ಲ. ಬಳ್ಳಾರಿ ಪಟ್ಟಣದ ಮಗ್ಗುಲಿನಲ್ಲೇ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಿವೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳೂ ಬೇಸಾಯಗಾರರೂ ಆಗಿದ್ದ ನವಶಿಲಾಯುಗದ ಜನ ಅಲ್ಲಿ ನೆಲೆಸಿದ್ದರು. ಅವರು ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿದಿಬ್ಬಗಳು ಆ ಸೀಮೆಯಲ್ಲಿ ಇಂದಿಗೂ ಉಳಿದಿವೆ. ಬೆಟ್ಟದ ಬೆಣಚು ಬಣ್ಣದ ಗ್ರಾನೈಟಿನ ನಡುವೆ ಡಾಲರೈಟ್ ಎಂಬ ಕರಿಯ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕರಿಬಂಡೆಗಳ ಮೇಲೆ ನೂರಾರು ಕೆತ್ತನೆಗಳಿವೆ: ಉದ್ದ ಕೊಂಬಿನ, ಹಿಣಿಲುಳ್ಳ ಎತ್ತುಗಳು, ಬಿಲ್ಲು ಹಿಡಿದ ಮನುಷ್ಯರು, ಸಾಲಾಗಿ ಒಬ್ಬರಿಗೊಬ್ಬರು ಹೆಣೆದುಕೊಂಡು ನಿಂತವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ವಿದ್ವಾಂಸರು ಇವನ್ನು ಕಂಡು ಬರೆದಿದ್ದರೂ ಆಮೇಲೆ ಬಹುಕಾಲ ಲೋಕ ಇವನ್ನು ಮರೆತೇಬಿಟ್ಟಿತ್ತು. ಪುರಾತತ್ವಜ್ಞೆ ನಿಕೋಲ್ ಬೋವಿನ್ ಅವರು ಈ ಕೆತ್ತನೆಗಳನ್ನು ಕುರಿತು 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಚಿತ್ರಗಳ ಜೊತೆಗೆ ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ಕೆಲವು ಬಂಡೆಗಳ ಮೇಲೆ ಚಿತ್ರವಲ್ಲದ ಸಣ್ಣ ಸಣ್ಣ ಕುಳಿಗಳಿವೆ. ಅಲ್ಲಿ ಗ್ರಾನೈಟಿನ ಕಲ್ಲಿನಿಂದ ಬಡಿದರೆ ಜಾಗಟೆಯಂಥ ಗಂಭೀರ ನಾದ ಹೊಮ್ಮುತ್ತದೆ. ಆ ಕುಳಿಗಳು ಅಸಂಖ್ಯ ಬಾರಿ ಬಡಿದು ಬಡಿದು ಆದ ಗುರುತುಗಳು. ಸುತ್ತಲ ಊರಿನವರಿಗೆ ಆ ನಾದದ ಕಲ್ಲುಗಳು ಮೊದಲೇ ಗೊತ್ತಿದ್ದವು. ಗೊತ್ತಿಲ್ಲದೆ ಇದ್ದವರು ಓದಿದವರು.

ಎಲ್ಲ ಕಲ್ಲೂ ಏಕೆ ನುಡಿಯುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಡಾಲರೈಟಿನಂಥ ನುಣುಪು ಕಣಗಳ, ಒತ್ತಾದ ಕಲ್ಲಿನೊಳಗೆ ಪೆಟ್ಟಿನ ಕಂಪನ ಸರಾಗವಾಗಿ ಹರಿಯುತ್ತದೆ. ಬಂಡೆ ಕೆಳಗಿನ ಕಲ್ಲಿನ ಮೇಲೆ ಎರಡು ಮೂರು ಕಡೆ ಮಾತ್ರ ಊರಿ ನಿಂತು, ಉಳಿದ ಮೈ ಬಯಲಿಗೆ ಬಿಟ್ಟುಕೊಂಡಿದ್ದರೆ ಆ ಕಂಪನಕ್ಕೆ ತಡೆಯಿರುವುದಿಲ್ಲ. ದೇವಸ್ಥಾನದಲ್ಲಿ ತೂಗುಹಾಕಿದ ಗಂಟೆಯಂತೆ ಅದು ನುಡಿಯುತ್ತದೆ. ಅದೇ ಬಂಡೆ ಮಣ್ಣಿನಲ್ಲಿ ಅರ್ಧ ಹೂತಿದ್ದರೆ ಅಂಗೈಯಲ್ಲಿ ಹಿಡಿದ ಗಂಟೆಯಂತೆ ಮೂಕವಾಗುತ್ತದೆ. ಎಂದರೆ ನಾದ ಇರುವುದು ಕಲ್ಲಿನಲ್ಲಿ ಮಾತ್ರವಲ್ಲ, ಕಲ್ಲು ಕುಳಿತ ಭಂಗಿಯಲ್ಲೂ ಇದೆ. ಬಂಡೆಯನ್ನು ಎತ್ತಿ ವಸ್ತುಸಂಗ್ರಹಾಲಯದ ಸಿಮೆಂಟಿನ ಕಟ್ಟೆಯಲ್ಲಿ ಹೂಡಿದರೆ ಚಿತ್ರ ಉಳಿದೀತು, ದನಿ ಸತ್ತೀತು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಾದಕ್ಕೆ ಇದೇ ಅಡಿಗಲ್ಲು.

ಇನ್ನು ದೇಹದ ಮಾತು. ಕುಪ್ಪಗಲ್ಲಿನ ಕೆಲವು ಕೆತ್ತನೆಗಳು ಸುಲಭವಾಗಿ ಕೈಗೆಟುಕುವ ಜಾಗದಲ್ಲಿಲ್ಲ. ಚಾಚಿದ ಬಂಡೆಯಿಂದ ಜೋತುಬಿದ್ದೋ ಮೈಯನ್ನು ಬಳುಕಿಸಿ ನಿಂತೋ ಕೆತ್ತದ ಹೊರತು ಅವು ಮೂಡುವಂತಿಲ್ಲ. ಕೆತ್ತುವ ಪ್ರತಿ ಏಟೂ ಒಂದು ಸದ್ದು, ಪ್ರತಿ ಸದ್ದಿನ ಹಿಂದೆಯೂ ಬೆವರುವ ತೋಳು. ಹಿರೇಗುಡ್ಡದ ಮೇಲೆ ಇದೇ ಕರಿಗಲ್ಲಿನಿಂದ ಆ ಜನ ಕೊಡಲಿಗಳನ್ನು ಮಾಡುತ್ತಿದ್ದರು. ಕಲ್ಲನ್ನು ಒಡೆದು, ತಟ್ಟಿ, ಉಜ್ಜಿ ಹದಗೊಳಿಸುತ್ತಿದ್ದವರಿಗೆ ಯಾವ ಕಲ್ಲು ನುಡಿಯುತ್ತದೆ, ಯಾವುದು ನುಡಿಯದು ಎಂಬುದು ಕೈಗೂ ಕಿವಿಗೂ ಒಟ್ಟಿಗೇ ತಿಳಿದಿರಲೇಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವ ತಾಯಂದಿರು ಇಂದಿಗೂ ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಅದೇ ಜಾಣತನ ಅದು. ಅವರ ಪಾಲಿಗೆ ಕಸುಬು, ಕಲೆ, ಸಂಗೀತ ಎಂಬ ಮೂರು ಕೋಣೆಗಳಿರಲಿಲ್ಲ. ಕೋಣೆಗಳನ್ನು ಕಟ್ಟಿದವರು ಈ ಕಾಲದ ಪಠ್ಯಕಾರರು.

ಕಣ್ಣೊಂದನ್ನೇ ನಂಬಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಫ್ರಾನ್ಸ್ ದೇಶದ ಒಂದು ದೃಷ್ಟಾಂತವಿದೆ. ಪಿರನೀಸ್ ಪರ್ವತದ ಬುಡದಲ್ಲಿರುವ ಮಾರ್ಸುಲಾ ಎಂಬ ಚಿತ್ರಗುಹೆಯಲ್ಲಿ 1931ರಲ್ಲಿ ದೊಡ್ಡದೊಂದು ಶಂಖ ಸಿಕ್ಕಿತು. ಸುಮಾರು 18,000 ವರ್ಷಗಳಷ್ಟು ಹಳೆಯದು. ಅದನ್ನು ಪರಿಶೀಲಿಸಿದವರು ಪಾನಪಾತ್ರೆಯಿರಬಹುದೆಂದು ತೀರ್ಮಾನಿಸಿದರು. ತೂಲೂಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಅದು ದಶಕಗಟ್ಟಲೆ ಬಟ್ಟಲಾಗಿಯೇ ಕುಳಿತಿತ್ತು. ಕೊನೆಗೆ ಹೊಸ ತಲೆಮಾರಿನ ವಿದ್ವಾಂಸರು ಮರುಪರೀಕ್ಷೆ ಮಾಡಿದಾಗ ಅದರ ತುದಿ ತಾನಾಗಿ ಮುರಿದದ್ದಲ್ಲ, ಊದುವುದಕ್ಕಾಗಿ ಬೇಕೆಂದೇ ತೆಗೆದದ್ದು ಎಂದು ತಿಳಿಯಿತು. ಒಳಮೈಯಲ್ಲಿ ಕೆಂಪು ಬಣ್ಣದ ಬೆರಳಚ್ಚುಗಳಿದ್ದವು. ಅಂಥವೇ ಕೆಂಪು ಚುಕ್ಕೆಗಳಿಂದ ಅದೇ ಗುಹೆಯ ಗೋಡೆಯ ಮೇಲೆ ಕಾಡೆಮ್ಮೆಯ ಚಿತ್ರ ಮೂಡಿದೆ. ಕೊಂಬುವಾದ್ಯದ ಕಲಾವಿದರೊಬ್ಬರು ಊದಿದಾಗ ಶಂಖ ಮೂರು ಸ್ವರಗಳನ್ನು ನುಡಿಯಿತು. ಇದು ಪ್ರಕಟವಾದದ್ದು 2021ರಲ್ಲಿ. ತುದಿ ತೆಗೆದ ಶಂಖ ಯಾತಕ್ಕೆಂದು ನಮ್ಮ ಊರಿನ ದಾಸಯ್ಯನನ್ನು ಕೇಳಿದ್ದರೆ ಒಂದು ಗಳಿಗೆಯಲ್ಲಿ ಹೇಳುತ್ತಿದ್ದ. ಪಂಡಿತರಿಗೆ 90 ವರ್ಷ ಬೇಕಾಯಿತು. ಅವರ ವಿದ್ವತ್ತನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಪರಿಷ್ಕರಿಸಿಕೊಳ್ಳುವ ಧೈರ್ಯ ಅವರಲ್ಲಿತ್ತು, ಆ ಧೈರ್ಯ ಇಲ್ಲಿಗೂ ಬರಲಿ ಎಂಬುದು ನಮ್ಮ ಆಶಯ.

ಅದೇ ದೇಶದ ಸಂಗೀತಜ್ಞ ಇಗೋರ್ ರೆಜ್ನಿಕಾಫ್ ಅವರು ಮಿಷೆಲ್ ದೋವುವಾ ಅವರ ಜೊತೆಗೂಡಿ ಚಿತ್ರಗುಹೆಗಳೊಳಗೆ ಹಾಡುತ್ತಾ, ಗುನುಗುತ್ತಾ ನಡೆದು, ಎಲ್ಲಿ ಗುಹೆ ಮರುನುಡಿಯುತ್ತದೆ ಎಂದು ಗುರುತಿಸುತ್ತಾ ಹೋದರು. 1988ರಲ್ಲಿ ಅವರು ಪ್ರಕಟಿಸಿದ ನಿರ್ಣಯ ಇದು: ದನಿ ಹೆಚ್ಚು ಮಾರ್ದನಿಸುವ ತಾಣಗಳಲ್ಲೇ ಚಿತ್ರಗಳು ಹೆಚ್ಚು. ನಿಂತು ಚಿತ್ರ ಬರೆಯಲು ಜಾಗವೇ ಇಲ್ಲದ ಇಕ್ಕಟ್ಟಾದ ಓಣಿಗಳಲ್ಲಿ ಕೂಡ ದನಿ ತುಂಬಿಕೊಳ್ಳುವ ಎಡೆಯಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಇದರ ಹಿಂದಿನ ತತ್ತ್ವ ಸರಳ. ಬಿಂದಿಗೆಯ ಬಾಯಿಗೆ ಮುಖವಿಟ್ಟು ಗುನುಗಿದ ಮಗುವಿಗೂ ಅದು ಗೊತ್ತು. ಪ್ರತಿಯೊಂದು ಪೊಳ್ಳಿಗೂ ತನ್ನದೇ ಆದ ಶ್ರುತಿಯಿದೆ. ಕೊರಳ ಶ್ರುತಿ ಅದಕ್ಕೆ ಕೂಡಿದ ಕ್ಷಣ ಪೊಳ್ಳೆಲ್ಲ ದನಿಗೂಡಿಸುತ್ತದೆ, ಹಾಡಿದವನ ಎದೆಗೂಡು ಕೂಡ ಮಿಡಿಯುತ್ತದೆ. ಮಾನವನ ಎದೆ, ಗಂಟಲು, ಬಾಯಿ ಸೇರಿ ಒಂದು ಪುಟ್ಟ ಗುಹೆ. ಆ ಪುಟ್ಟ ಗುಹೆ ದೊಡ್ಡ ಗುಹೆಯೊಡನೆ ಮಾತಾಡಿದ್ದೇ ಈ ಕಲೆ.

ಗೋಡೆಯ ಮೇಲಿನ ಕೈಗುರುತುಗಳನ್ನೇ ನೋಡೋಣ. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಗುಹೆಯೊಂದರಲ್ಲಿ ಕನಿಷ್ಠ 39,900 ವರ್ಷಗಳ ಹಿಂದಿನ ಕೈಗುರುತು ಇದೆ. ಅಂಗೈಯನ್ನು ಬಂಡೆಗೊತ್ತಿ, ಸುತ್ತಲೂ ಬಣ್ಣವನ್ನು ಊದಿದರೆ ಅಂಥ ಗುರುತು ಮೂಡುತ್ತದೆ. ಅದು ಕೈಯ ಗುರುತು ಹೌದು, ಉಸಿರಿನ ಗುರುತೂ ಹೌದು. ಫ್ರಾನ್ಸಿನ ರೂಫಿನ್ಯಾಕ್ ಗುಹೆಯ ಮೆದು ಗೋಡೆಯಲ್ಲಿ ಬೆರಳಿನಿಂದ ಎಳೆದ ಗೆರೆಗಳಿವೆ. ಬೆರಳುಗಳ ಅಗಲ ಅಳೆದವರು ಅವುಗಳಲ್ಲಿ ಹಲವು ಎಳೆಯ ಮಕ್ಕಳವೆಂದು ಕಂಡುಕೊಂಡಿದ್ದಾರೆ. ಮಕ್ಕಳ ಕೈಗೆ ನಿಲುಕದಷ್ಟು ಎತ್ತರದ ಚಾವಣಿಯಲ್ಲೂ ಆ ಗೆರೆಗಳಿವೆಯಾದ್ದರಿಂದ ಹಿರಿಯರು ಅವರನ್ನು ಎತ್ತಿ ಹಿಡಿದಿದ್ದಿರಬೇಕು. ಜಾತ್ರೆಯಲ್ಲಿ ತೇರು ಕಾಣಲೆಂದು ಮಗುವನ್ನು ಹೆಗಲೇರಿಸಿಕೊಳ್ಳುವ ತಂದೆಯೇ ಅಲ್ಲಿಯೂ ಇದ್ದಾನೆ. ಕಲೆ ಕಲಿಸುವುದೆಂದರೆ ಆ ಜನಕ್ಕೆ ಮಗುವಿನ ಮೈಯನ್ನು ಬಂಡೆಗೆ ಮುಟ್ಟಿಸುವುದಾಗಿತ್ತು. ಇಂದು ಮಗುವಿನ ಕೈಗೆ ಮೊಬೈಲು ಕೊಟ್ಟು ಅದರ ಗಾಜಿನ ಮೇಲೆ ಬಂಡೆಯ ಚಿತ್ರ ತೋರಿಸುತ್ತೇವೆ.

ಕನ್ನಡ ನಾಡಿನ ಕೊರೆದ ಗುಹಾಲಯಗಳಲ್ಲೂ ಈ ಕೂಡಾಟ ಮುರಿದಿಲ್ಲ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನನ್ನು ಎಲ್ಲರೂ ಬಲ್ಲರು. ತೋಳುಗಳನ್ನು ಎಣಿಸುವವರು ಅವನ ಪಕ್ಕದಲ್ಲಿ ವಾದ್ಯ ಬಾರಿಸುತ್ತಾ ಕುಳಿತವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನಿಲ್ಲದೆ ಆ ಕುಣಿತ ಎಲ್ಲಿಯದು? ತಮಿಳುನಾಡಿನ ಕುಡುಮಿಯಾನ್‌ಮಲೆಯಲ್ಲಿ ಕೊರೆದ ಗುಡಿಯ ಪಕ್ಕದ ಬಂಡೆಯ ಮೇಲೆ ಸ್ವರಾಕ್ಷರಗಳನ್ನೇ ಸಾಲು ಸಾಲಾಗಿ ಕೆತ್ತಿದ ಶಾಸನವಿದೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಶಿಲಾಸಮಾಧಿಗಳ ನೆರೆಯಲ್ಲಿ, ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಭಾರಿ ಗುಂಡು ಕುಳಿತಿದೆ. ಅದನ್ನು ಬಡಿದರೆ ದನಿ ಬಹುದೂರ ಕೇಳುತ್ತದೆ. ಅದೇ ಬೆಟ್ಟದ ಕಲ್ಲಾಸರೆಗಳಲ್ಲಿ ವರ್ಣಚಿತ್ರಗಳಿವೆ. ಚಿತ್ರವೂ ನಾದವೂ ಒಂದೇ ಬೆಟ್ಟದಲ್ಲಿ ನೆರೆಹೊರೆಯಾಗಿರುವುದನ್ನು ಕಂಡೂ ಕೇವಲ ಚಿತ್ರದ ಕಡೆಗೆ ಬೆರಳು ತೋರುವುದು ನ್ಯಾಯವಲ್ಲ.

ಈ ವಾದಕ್ಕೆ ಎದುರಾಗಿ ಬರುವ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇವೆ.

ಮೊದಲನೆಯವರು ವಿಚಾರವಂತರು. ನಾದದ ಮಾತೆಲ್ಲ ಊಹೆ, ಸಾವಿರಾರು ವರ್ಷಗಳ ಹಿಂದಿನ ಕಿವಿಯನ್ನು ಯಾರು ಬಲ್ಲರು ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದು. ಸ್ಪೇನ್ ದೇಶದ ಐದು ಗುಹೆಗಳಲ್ಲಿ ನಡೆಸಿದ ಅಳತೆಗಳ ಫಲ 2017ರಲ್ಲಿ ಪ್ರಕಟವಾಯಿತು. ಚುಕ್ಕೆ, ಗೆರೆಗಳಿಗೂ ಮಂದ್ರ ದನಿಯ ಅನುರಣನಕ್ಕೂ ನಂಟು ಕಂಡಿತಾದರೂ ಆ ನಂಟು ಬಲವಾದದ್ದಲ್ಲ ಎಂದೇ ಸಂಶೋಧಕರು ಬರೆದರು. ಪ್ರತಿ ಚಿತ್ರದ ಹಿಂದೆಯೂ ಹಾಡಿತ್ತೆಂದು ನಾವೂ ಹೇಳುವುದಿಲ್ಲ. ಆದರೆ ಕುಪ್ಪಗಲ್ಲಿನ ಕುಳಿ ಊಹೆಯಲ್ಲ, ಮಾರ್ಸುಲಾದ ಶಂಖ ಊಹೆಯಲ್ಲ. ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ, ರಣಹದ್ದಿನ ಮೂಳೆಯಲ್ಲಿ ಐದು ರಂಧ್ರ ಕೊರೆದು ಮಾಡಿದ ಕೊಳಲು ಊಹೆಯಲ್ಲ. ಅದರ ವಯಸ್ಸು 35,000 ವರ್ಷಕ್ಕೂ ಹೆಚ್ಚು. ಸಂದೇಹವಿರುವ ಕಡೆ ಅಳೆಯಬೇಕು. ಅಳೆಯುವುದಕ್ಕೆ ಬಂಡೆ ಉಳಿದಿರಬೇಕು.

ಎರಡನೆಯವರು ತಂತ್ರಜ್ಞಾನದ ಅಭಿಮಾನಿಗಳು. ಎಲ್ಲವನ್ನೂ ಚಿತ್ರೀಕರಿಸಿ ಇಟ್ಟರಾಯಿತು, ಪ್ರತಿಕೃತಿ ಮಾಡಿದರಾಯಿತು ಎಂಬುದು ಅವರ ಪಕ್ಷ. ಲಾಸ್ಕೋ ಗುಹೆಯನ್ನು ಅವರು ಉದಾಹರಿಸುತ್ತಾರೆ. 1940ರಲ್ಲಿ ಬೆಳಕಿಗೆ ಬಂದ ಆ ಗುಹೆಗೆ ಜನ ಸಾಗರದಂತೆ ಹರಿದು, ಅವರ ಉಸಿರಿನ ಇಂಗಾಲದ ಅನಿಲ ಮತ್ತು ತೇವದಿಂದ ಚಿತ್ರಗಳು ಕೆಡತೊಡಗಿ, 1963ರಲ್ಲಿ ಬಾಗಿಲು ಹಾಕಬೇಕಾಯಿತು. 1983ರಲ್ಲಿ ಪಕ್ಕದಲ್ಲೇ ಪ್ರತಿಕೃತಿ ಎದ್ದಿತು. ಉಸಿರಿನಿಂದ ಹುಟ್ಟಿದ ಕಲೆ ಉಸಿರಿನಿಂದಲೇ ಅಳಿಯತೊಡಗಿದ್ದು ವಿಧಿಯ ವಿಡಂಬನೆಯೇ ಸರಿ. ಆದರೆ ಅಲ್ಲಿ ಪ್ರತಿಕೃತಿ ಮಾಡಿದ್ದು ಮೂಲವನ್ನು ಕಾಪಾಡಲು. ಮೂಲವನ್ನು ಒಡೆದು ಜಲ್ಲಿ ಮಾಡಲು ಯಾರೂ ಅಲ್ಲಿ ಪ್ರತಿಕೃತಿ ಮಾಡಲಿಲ್ಲ. ಛಾಯಾಚಿತ್ರ ತೆಗೆದುಕೊಂಡೆವೆಂದು ಹೆತ್ತವರನ್ನು ಮನೆಯಿಂದ ಹೊರಹಾಕುವವರುಂಟೇ?

ಮೂರನೆಯವರ ಮಾತು ಹೆಚ್ಚು ಭಾರವುಳ್ಳದ್ದು. ರಸ್ತೆಗೆ ಕಲ್ಲು ಬೇಕು, ಮನೆಗೆ ಜಲ್ಲಿ ಬೇಕು, ಕ್ವಾರಿಯಲ್ಲಿ ದುಡಿಯುವವರಿಗೆ ಕೂಲಿ ಬೇಕು, ಹಸಿದವನ ಮುಂದೆ ಬಂಡೆಯ ಸಂಗೀತವೇ ಎಂದು ಅವರು ಕೇಳುತ್ತಾರೆ. ಕೂಲಿಯವನ ಅನ್ನವನ್ನು ಕಿತ್ತುಕೊಳ್ಳುವ ಮಾತು ನಮ್ಮದಲ್ಲ. ಆದರೆ ಬಳ್ಳಾರಿ, ಅನಂತಪುರ, ಕರ್ನೂಲುಗಳ ಸೀಮೆಯಲ್ಲಿ ಕಲ್ಲಿಗೇನು ಬರ? ನೋಡಿದತ್ತೆಲ್ಲ ಕಲ್ಲೇ ಇರುವ ನಾಡಿನಲ್ಲಿ ಜಾಗಟೆಯಂತೆ ನುಡಿಯುವ ಬಂಡೆಗಳು ಬೆರಳೆಣಿಕೆಯಷ್ಟು. ಅವನ್ನೇ ಒಡೆಯಬೇಕೆ? ಗ್ರಾನೈಟಿನ ಗಣಿಗಾರಿಕೆ ಕುಪ್ಪಗಲ್ಲಿನ ಬೆಟ್ಟದ ಕೆಲವು ಭಾಗಗಳನ್ನು ಈಗಾಗಲೇ ಕದಡಿದೆಯೆಂದೂ, ಅದರ ಉತ್ತರಕ್ಕಿರುವ, ಇನ್ನೂ ಹಳೆಯ ಚಿತ್ರಗಳುಳ್ಳ ಕಲ್ಲಾಸರೆಯೊಂದನ್ನು ಭಾಗಶಃ ನಾಶಮಾಡಿದೆಯೆಂದೂ 2004ರಲ್ಲೇ ಎಚ್ಚರಿಕೆ ಕೇಳಿಬಂದಿತ್ತು. ಕ್ವಾರಿಯನ್ನು ಒಂದು ಹರದಾರಿ ಆಚೆ ಸರಿಸಿದರೆ ಕೂಲಿಯೂ ಉಳಿಯುತ್ತದೆ, ಬಂಡೆಯೂ ಉಳಿಯುತ್ತದೆ. ಒಡೆದ ಬಂಡೆಯನ್ನು ಮತ್ತೆ ಕೂಡಿಸುವ ಕೂಲಿಗಾರ ಯಾವ ಊರಲ್ಲೂ ಇಲ್ಲ.

ನಾಲ್ಕನೆಯವರು ನಮ್ಮವರೇ. ಇದು ಸಾಹಿತ್ಯ ಸಂಘ, ಅಕ್ಷರವಿಲ್ಲದ ಕಲ್ಲಿಗೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರು. ಇವರಿಗೆ ಎರಡು ಉತ್ತರಗಳಿವೆ. ಒಂದು, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರುವ ತನಕ ಆ ಬೆಟ್ಟಗಳೂ ನಮ್ಮ ಊರುಗಳೂ ಒಂದೇ ಬಳ್ಳಾರಿ ಜಿಲ್ಲೆಯವು. ಭೂಪಟದ ಮೇಲೆ ಗೆರೆ ಬಿದ್ದಿತೇ ಹೊರತು ನೆಲದೊಳಗಿನ ಬಂಡೆಯಲ್ಲಿ ಬೀಳಲಿಲ್ಲ. ಕುಪ್ಪಗಲ್ಲಿನವರು ಯಾವ ನುಡಿಯಾಡುತ್ತಿದ್ದರೋ ಯಾರೂ ಹೇಳಲಾರರು. ಅವರನ್ನು ಕನ್ನಡಿಗರೆಂದು ಸಾರಿ ಎದೆಯುಬ್ಬಿಸುವುದು ಬೇಡ, ತೆಲುಗರೆಂದು ಜಗಳಕ್ಕೆ ನಿಲ್ಲುವುದೂ ಬೇಡ. ಅವರು ಇಬ್ಬರಿಗೂ ಹಿರಿಯರು. ಎರಡು, ನುಡಿಯೆಂದರೆ ಮೊದಲು ದನಿ, ಆಮೇಲೆ ಅಕ್ಷರ. ಗಡಿಯಾಚೆ ಬಾಳುವ ನಮಗಿಂತ ಚೆನ್ನಾಗಿ ಇದನ್ನು ಬಲ್ಲವರಾರು? ಕನ್ನಡ ಶಾಲೆ ಮುಚ್ಚಿದ ಊರುಗಳಲ್ಲೂ ಬೀಸುವ ಪದ, ಸೋಬಾನೆ, ಭಜನೆಗಳಲ್ಲಿ ಕನ್ನಡ ಉಳಿದುಕೊಂಡದ್ದು ಅಕ್ಷರದ ಬಲದಿಂದಲ್ಲ, ಕೊರಳಿನ ಬಲದಿಂದ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ತ್ರಿಪದಿಯೋ ಹಾಡುವವರ ಛಂದಸ್ಸು. ದನಿಯನ್ನು ಬಂಡೆಗೆ ಒಪ್ಪಿಸುವ ರೂಢಿ ನಮ್ಮ ಸಾಹಿತ್ಯದ ತೊಟ್ಟಿಲಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಎಚ್ಚರಿಸಬೇಕು. ಕಲ್ಲು ನುಡಿಯುತ್ತದೆಂದು ತಿಳಿದ ಕೂಡಲೇ ಎಲ್ಲರ ಕೈಯೂ ತುರಿಸುತ್ತದೆ. ಹಂಪೆಯ ವಿಜಯವಿಠಲ ದೇವಾಲಯದ ಸಂಗೀತದ ಕಂಬಗಳನ್ನು ಪ್ರವಾಸಿಗರು ಬಡಿಬಡಿದು, ಕೊನೆಗೆ ಮುಟ್ಟುವುದನ್ನೇ ನಿಷೇಧಿಸಬೇಕಾಯಿತು. ಆಂಧ್ರದ ಬೆಲುಂ ಗುಹೆ 3,229 ಮೀಟರ್ ಉದ್ದದ್ದು. ಅಲ್ಲಿಯ ಸಪ್ತಸ್ವರಗಳ ಕೋಣೆಯಲ್ಲಿ ಮೇಲಿಂದ ಇಳಿದ ಸುಣ್ಣಗಲ್ಲಿನ ಕೋಡುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದಂಥ ನಾದ ಬರುತ್ತದೆ. ಹನಿ ಹನಿಯಾಗಿ ತೊಟ್ಟಿಕ್ಕಿದ ನೀರು ಸಾವಿರಾರು ವರ್ಷ ಕಟ್ಟಿದ ಕೋಡು ಅದು. ಬಂದವರೆಲ್ಲ ತಟ್ಟುತ್ತಾ ಹೋದರೆ ಎಷ್ಟು ದಿನ ಬಾಳೀತು? ಕೇಳುವುದಕ್ಕೂ ಬಡಿಯುವುದಕ್ಕೂ ಅಂತರವಿದೆ. ತಿಳಿದ ಒಬ್ಬರು ಒಂದೇ ಒಂದು ಸಲ ತಟ್ಟಲಿ, ಉಳಿದ ನಲವತ್ತು ಮಂದಿ ಉಸಿರು ಬಿಗಿಹಿಡಿದು ಆಲಿಸಲಿ. ಸದ್ದು ಮಾಡುವ ಹಕ್ಕಿಗಾಗಿ ಎಲ್ಲರೂ ಹಾತೊರೆಯುವ ಈ ಕಾಲದಲ್ಲಿ ಸುಮ್ಮನೆ ಕೇಳುವ ಶಿಸ್ತನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು.

ಆದ್ದರಿಂದ ಸಂಘದ ಮುಂದೆ ನಾವು ಇಡುವ ಬೇಡಿಕೆಗಳು ಮೂರು. ಮುಂದಿನ ವರ್ಷದ ಮಕ್ಕಳ ಪ್ರವಾಸ ಸಂಗನಕಲ್ಲಿಗೆ ಹೋಗಲಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಪ್ರಾಕ್ತನ ವಸ್ತುಸಂಗ್ರಹಾಲಯವಿದೆ. ಅದನ್ನು ಮೊದಲು ನೋಡಿ, ಬಲ್ಲವರನ್ನು ಜೊತೆಗಿಟ್ಟುಕೊಂಡು ಬೆಟ್ಟ ಹತ್ತಲಿ. ಎರಡನೆಯದಾಗಿ, ನಮ್ಮ ಹಳ್ಳಿಗಳ ಹಿರಿಯರಿಂದ, ಅದರಲ್ಲೂ ಕುರಿ ಕಾಯುವವರಿಂದ, ನುಡಿಯುವ ಬಂಡೆಗಳು ಎಲ್ಲೆಲ್ಲಿವೆ, ಅವಕ್ಕೆ ಯಾವ ಹೆಸರಿದೆ, ಯಾವ ಕತೆಯಿದೆ ಎಂಬುದನ್ನು ಬರೆದುಕೊಂಡು, ಅವರ ದನಿಯಲ್ಲೇ ಮುದ್ರಿಸಿಕೊಂಡು, ಒಂದು ಪಟ್ಟಿ ಸಿದ್ಧವಾಗಲಿ. ಗಡಿಯ ಎರಡೂ ಕಡೆಯ ತೆಲುಗು ಬಂಧುಗಳೂ ಈ ಕೆಲಸಕ್ಕೆ ಜೊತೆಯಾಗಲಿ. ಕಲ್ಲಿನ ದನಿಗೆ ಭಾಷಾಂತರ ಬೇಡ. ಮೂರನೆಯದಾಗಿ, ಆ ಪಟ್ಟಿಯೊಡನೆ ಎರಡೂ ರಾಜ್ಯಗಳ ಪುರಾತತ್ವ ಇಲಾಖೆಗಳಿಗೂ ಜಿಲ್ಲಾಧಿಕಾರಿಗಳಿಗೂ ಮನವಿ ಹೋಗಲಿ. ಚಿತ್ರವಿರುವ ಬಂಡೆಗೆ ಯಾವ ರಕ್ಷಣೆಯೋ ನುಡಿಯುವ ಬಂಡೆಗೂ ಅದೇ ರಕ್ಷಣೆ ಬೇಕೆಂದು, ಅದು ಇದ್ದಲ್ಲೇ, ಇದ್ದ ಭಂಗಿಯಲ್ಲೇ ಉಳಿಯಬೇಕೆಂದು ಕೇಳೋಣ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಾಗಬೇಕಾದರೆ ಹಿತ್ತಲಿಗೆ ಒಮ್ಮೆ ಹೋಗಬೇಕು. ಲಾಸ್ಕೋ ಕಾಣಲು ಎಲ್ಲರಿಗೂ ಆಗದು. ರಾಯದುರ್ಗದಿಂದ ಕುಪ್ಪಗಲ್ಲಿಗೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮರಳಬಹುದು. ಮಕ್ಕಳ ಕಿವಿ ಇನ್ನೂ ಚುರುಕಾಗಿದೆ, ಬಂಡೆಯ ಕೊರಳು ಇನ್ನೂ ಒಡೆದಿಲ್ಲ. ಈ ಎರಡನ್ನೂ ಒಂದೆಡೆ ಸೇರಿಸುವ ಕೆಲಸ ದೊಡ್ಡವರದು, ಅದಕ್ಕಿರುವ ಕಾಲ ಬಹಳವಿಲ್ಲ.